ಗುದನಾಳದ ಕ್ಯಾನ್ಸರ್: ವೃದ್ಧರಿಗೂ ಉಂಟು ದಾರಿ

ಎಂಬತ್ತರ ಆಸುಪಾಸಿನ ಹಿರಿಯರಿಗೆ ಗುದನಾಳದ ಕ್ಯಾನ್ಸರ್ ಎಂದು ತಿಳಿದೊಡನೆ ಮನೆಮಂದಿಗೆ ತೋಚುವುದು ಎರಡೇ ದಾರಿ: ಹೊಟ್ಟೆ ಕೊಯ್ಯುವ ದೊಡ್ಡ ಶಸ್ತ್ರಚಿಕಿತ್ಸೆ, ಇಲ್ಲವೇ ‘ಈ ವಯಸ್ಸಿನಲ್ಲಿ ಯಾಕೆ ಹಿಂಸೆ’ ಎಂದು ಕೈಚೆಲ್ಲುವುದು. ಹೃದ್ರೋಗ, ಮಧುಮೇಹಗಳಿಂದ ಬಳಲಿದ ದೇಹಕ್ಕೆ ಮೊದಲನೆಯದು ಅಪಾಯಕಾರಿ. ಮೇಲಾಗಿ ಹಲವರು ಉಳಿದ ಆಯುಷ್ಯವನ್ನು ಹೊಟ್ಟೆಗೆ ಅಂಟಿಸಿದ ಮಲಚೀಲದೊಡನೆ ಕಳೆಯಬೇಕಾಗುತ್ತದೆ.

ಮೂರನೆಯ ದಾರಿಯೂ ಇದೆ. 1980ರ ದಶಕದ ಆರಂಭದಲ್ಲಿ ಜರ್ಮನಿಯ ಶಸ್ತ್ರವೈದ್ಯ ಗೆರ್ಹಾರ್ಡ್ ಬ್ಯೂಸ್ ಗುದದ್ವಾರದ ಮೂಲಕವೇ ಸುಮಾರು ನಾಲ್ಕು ಸೆಂ.ಮೀ. ಅಗಲದ ಕೊಳವೆ ತೂರಿಸಿ, ಅನಿಲದಿಂದ ಗುದನಾಳವನ್ನು ಉಬ್ಬಿಸಿ, ದರ್ಶಕದಲ್ಲಿ ಹಿಗ್ಗಿಸಿ ನೋಡುತ್ತ ಗಡ್ಡೆಯನ್ನಷ್ಟೇ ಕತ್ತರಿಸಿ ತೆಗೆಯುವ ವಿಧಾನ ರೂಪಿಸಿದರು. ಸಾಮಾನ್ಯ ಲ್ಯಾಪರೊಸ್ಕೊಪಿ ಉಪಕರಣಗಳಿಂದಲೇ ಇದನ್ನು ಸಾಧಿಸುವ ಕ್ರಮ 2010ರಲ್ಲಿ ಅಮೆರಿಕದಿಂದ ವರದಿಯಾಯಿತು. ಹೊಟ್ಟೆಯ ಮೇಲೆ ಗಾಯವಿಲ್ಲ, ಚೇತರಿಕೆಯೂ ಬೇಗ.

ಆದರೆ ಇದು ಎಲ್ಲರಿಗೂ ಸಲ್ಲುವ ಚಿಕಿತ್ಸೆಯಲ್ಲ. ಸುತ್ತಲಿನ ದುಗ್ಧಗ್ರಂಥಿಗಳನ್ನು ಇದು ತೆಗೆಯುವುದಿಲ್ಲ. ಹೀಗಾಗಿ ಗುದನಾಳದ ಗೋಡೆಯಲ್ಲಿ ಆಳಕ್ಕಿಳಿಯದ, ಆರಂಭದ ಹಂತದ ಗಡ್ಡೆಗಳಿಗೇ ಇದು ಹೆಚ್ಚು ಸೂಕ್ತ. ಅದಕ್ಕೆ ಮೊದಲು ಎಂ.ಆರ್.ಐ. ಪರೀಕ್ಷೆ, ಅನಂತರ ವರ್ಷಗಟ್ಟಲೆ ತಪಾಸಣೆ ಬೇಕು. ಅಲ್ಪಾವಧಿಯ ವಿಕಿರಣ ಚಿಕಿತ್ಸೆಯ ಬಳಿಕ ಇದೇ ವಿಧಾನ ಅನುಸರಿಸಿದ ಬ್ರಿಟನ್ನಿನ ‘ಟ್ರೆಕ್’ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅದರಲ್ಲಿ ಈ ಚಿಕಿತ್ಸೆ ಪಡೆದ 27 ಮಂದಿಯ ಗುಂಪಿನಲ್ಲಿ 19 ಮಂದಿಯ ಗುದನಾಳ ಉಳಿಯಿತು. ಸಂಖ್ಯೆ ಚಿಕ್ಕದು, ಭರವಸೆ ಚಿಕ್ಕದಲ್ಲ.

ಎಲ್ಲವೂ ನಿಂತಿರುವುದು ರೋಗವನ್ನು ಬೇಗ ಗುರುತಿಸುವುದರ ಮೇಲೆ. ಕಾರವಾರ ತಾಲ್ಲೂಕಿನ ಕಿನ್ನರದಲ್ಲಾಗಲಿ, ಅಂಕೋಲೆಯ ಹಳ್ಳಿಯಲ್ಲಾಗಲಿ, ಮಲದಲ್ಲಿ ರಕ್ತ ಕಂಡರೆ ಅದು ಮೂಲವ್ಯಾಧಿ ಎಂದು ಭಾವಿಸುವುದು ಸಹಜ. ನಾಚಿಕೆಯೂ ಸೇರಿ ತಿಂಗಳುಗಳು ಉರುಳುತ್ತವೆ. ಕಾರವಾರದಲ್ಲಿ 2016ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತಾದರೂ, ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು 2022ರಲ್ಲಿ ಮತ್ತೆ ಜೋರಾಗಿ ಎದ್ದಿತು. ಕ್ಯಾನ್ಸರ್ ಚಿಕಿತ್ಸೆಗಾಗಿ ಇಲ್ಲಿಯವರು ಮಣಿಪಾಲ, ಗೋವಾ ಅಥವಾ ಘಟ್ಟ ಹತ್ತಿ ಹುಬ್ಬಳ್ಳಿಯತ್ತ ಸಾಗುತ್ತಾರೆ. ಬಳಲಿದ ಹಿರಿಯರಿಗೆ ಆ ಪ್ರಯಾಣವೇ ಒಂದು ಶಿಕ್ಷೆ. ಮರುತಪಾಸಣೆ ತಪ್ಪಿದರೆ ಮರುಕಳಿಸುವ ರೋಗ ಕಣ್ಣಿಗೆ ಬೀಳುವುದಿಲ್ಲ.

ದೊಡ್ಡ ಆಸ್ಪತ್ರೆ ಬರುವ ತನಕ ಕಾಯಬೇಕಿಲ್ಲದ ಕೆಲಸವೊಂದಿದೆ. ರಕ್ತಸ್ರಾವವೆಂದು ಬರುವ ಪ್ರತಿ ಹಿರಿಯರನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಕೈಗವಸು ತೊಟ್ಟು ಬೆರಳಿನಿಂದ ಪರೀಕ್ಷಿಸಲಿ, ಅನುಮಾನವಿದ್ದರೆ ಕೊಲೊನೊಸ್ಕೊಪಿಗೆ ಕಳುಹಿಸಲಿ. ಗುದನಾಳದ ಕೆಳಭಾಗದ ಗಡ್ಡೆ ಬೆರಳಿಗೇ ಸಿಗುತ್ತದೆ. ಅದಕ್ಕೆ ತಗಲುವುದು ಕೆಲವೇ ನಿಮಿಷ. ಆ ನಿಮಿಷಗಳನ್ನು ಉಳಿಸಹೊರಟರೆ ಮೂರನೆಯ ದಾರಿ ಮುಚ್ಚಿಹೋಗುತ್ತದೆ.