ರಸ್ತೆಗೆ ಬಾಗಿದ ಮರ: ನೆರಳು ಎಲ್ಲರದು, ಹೊಣೆ ಯಾರದು?

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಮರವಿಲ್ಲದ ಮನೆಯಂಗಳ ವಿರಳ. ನೆರಳಿಲ್ಲದ ದಾರಿಯೂ ವಿರಳ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನರು ಕಾಡಿನ ಮರಗಳನ್ನು ತಬ್ಬಿ ನಿಂತು ಕೊಡಲಿಯನ್ನು ತಡೆದರು. ಅಪ್ಪಿಕೋ ಚಳವಳಿ ಹುಟ್ಟಿದ ಈ ನೆಲದಲ್ಲಿ ಮರವನ್ನು ಕಡಿಯುವ ಮಾತೆತ್ತುವುದೇ ಮನಸ್ಸಿಗೆ ಕಷ್ಟ. ಆದರೆ ಮುಂಗಾರು ಸಮೀಪಿಸಿದಂತೆ ಬೇರೊಂದು ಪ್ರಶ್ನೆ ನಮ್ಮೆದುರು ನಿಲ್ಲುತ್ತದೆ. ತೋಟದಂಚಿನ ಹಳೆಯ ಮಾವೋ ಹಲಸೋ ರಸ್ತೆಯತ್ತ ಬಾಗಿದೆ. ಅದರ ಒಂದು ಕೊಂಬೆ ಒಣಗಿದೆ. ಅದು ಮುರಿದು ಶಾಲೆಗೆ ಹೊರಟ ಮಗುವಿನ ಮೇಲೆ ಬಿದ್ದರೆ ಅದಕ್ಕೆ ಹೊಣೆ ಯಾರು?

“ಗಾಳಿಮಳೆ ಬಂತು, ಮರ ಬಿತ್ತು, ಎಲ್ಲ ದೈವೇಚ್ಛೆ” ಎಂದು ಹೇಳಿ ಕೈತೊಳೆದುಕೊಳ್ಳುವುದು ರೂಢಿ. ದೈವಕೃತ್ಯವೆಂಬ ಸಮರ್ಥನೆ ಕಾನೂನಿನಲ್ಲಿಯೂ ಉಂಟು. ಆದರೆ ಅದು ಮನುಷ್ಯನು ಮುಂಗಾಣಲಾರದ ಅಸಾಧಾರಣ ವಿಪತ್ತಿಗೆ ಮಾತ್ರ ಅನ್ವಯಿಸುತ್ತದೆ. ಮಲೆನಾಡಿನಲ್ಲಿ ಗಾಳಿಮಳೆ ಪ್ರತಿವರ್ಷವೂ ಬರುವಂಥದು. ಬರುವುದೆಂದು ತಿಳಿದಿದ್ದ ಮಳೆಯನ್ನು ನೆಪವಾಗಿ ಹೇಳಲಾಗದು.

ನ್ಯಾಯಾಲಯಗಳು ಕೇಳುವ ಪ್ರಶ್ನೆ

ಖಾಸಗಿ ಭೂಮಿಯಲ್ಲಿರುವ ಮರದ ಕೊಂಬೆ ರಸ್ತೆಯ ಮೇಲೆ ಚಾಚಿದ ಮಾತ್ರಕ್ಕೆ ಅದು ತಪ್ಪಾಗುವುದಿಲ್ಲ. 1926ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದರ ಮುಂದೆ ಇಂತಹದೇ ಮೊಕದ್ದಮೆ ಬಂದಿತ್ತು. ಹೆದ್ದಾರಿಯ ಮೇಲೆ ಚಾಚಿದ್ದ ಬೀಚ್ ಮರದ ಕೊಂಬೆ ಶಾಂತ ಹವೆಯಲ್ಲಿಯೇ ಮುರಿದು, ಸಾಗುತ್ತಿದ್ದ ವಾಹನದ ಮೇಲೆ ಬಿದ್ದಿತು. ಒಳಗಿನ ದೋಷವು ಎಷ್ಟು ಪರೀಕ್ಷಿಸಿದರೂ ಕಾಣುವಂತಹುದಾಗಿರಲಿಲ್ಲವಾದ್ದರಿಂದ ಮಾಲೀಕನು ಹೊಣೆಯಲ್ಲವೆಂದು ತೀರ್ಪಾಯಿತು. ದೋಷವು ಅವನಿಗೆ ತಿಳಿದಿದ್ದರೆ ಅಥವಾ ಸಾಮಾನ್ಯ ಎಚ್ಚರಿಕೆಯಿಂದ ತಿಳಿಯುವಂತಿದ್ದರೆ ಹೊಣೆ ತಪ್ಪುತ್ತಿರಲಿಲ್ಲ.

ನಮ್ಮ ಸರ್ವೋಚ್ಚ ನ್ಯಾಯಾಲಯವೂ 1999ರಲ್ಲಿ ಈ ವಿಷಯವನ್ನು ವಿಚಾರಿಸಿದೆ. 1964ರಲ್ಲಿ ದೆಹಲಿಯ ರಸ್ತೆಯಲ್ಲಿ ಸ್ಕೂಟರ್ ಸವಾರರೊಬ್ಬರ ಮೇಲೆ ಮರದ ಕೊಂಬೆ ಬಿದ್ದು ಅವರು ಮೃತರಾಗಿದ್ದರು. ಆ ಮರವು ಮಹಾನಗರಪಾಲಿಕೆಗೆ ಸೇರಿತ್ತು. ರಸ್ತೆಯ ಬದಿಯ ಮರವು ಒಣಗಿ ಅಥವಾ ರೋಗ ತಗಲಿ ಬೀಳುವಂತಿದ್ದರೆ ಅದನ್ನು ನಿವಾರಿಸುವುದು ಒಡೆತನದೊಂದಿಗೆ ಬರುವ ಕರ್ತವ್ಯವೆಂದು ನ್ಯಾಯಾಲಯವು ಪಾಲಿಕೆಯನ್ನು ಹೊಣೆಯಾಗಿಸಿತು. ಸರಕಾರಿ ಸಂಸ್ಥೆಗೇ ಅನ್ವಯಿಸಿದ ಈ ನಿಯಮದಿಂದ ಖಾಸಗಿ ಒಡೆಯರು ಹೊರತಲ್ಲ. ಮಠ, ಕಲ್ಯಾಣಮಂಟಪ, ಶಾಲೆಗಳ ಆವರಣದ ಮರಗಳ ವಿಷಯದಲ್ಲಿ ಆಯಾ ಆಡಳಿತ ಮಂಡಳಿಗಳೂ ಇದನ್ನು ನೆನಪಿಡಬೇಕು.

ಹೊಣೆಯು ಪರಿಹಾರಧನಕ್ಕೆ ಸೀಮಿತವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಂತೆ ನಿರ್ಲಕ್ಷ್ಯದಿಂದ ಮರಣವುಂಟಾದುದು ಸಿದ್ಧವಾದರೆ ಸೆರೆವಾಸವೂ ಸಂಭವಿಸೀತು.

ಕೊಡಲಿ ಎತ್ತುವ ಮುನ್ನ

ಹಾಗೆಂದು ಭಯದಿಂದ ತಾವೇ ಮರ ಉರುಳಿಸುವುದು ಇನ್ನೊಂದು ತಪ್ಪಿಗೆ ದಾರಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಲ್ಲಿ ‘ಕಡಿಯುವುದು’ ಎಂಬ ಶಬ್ದಕ್ಕೆ ಕೊಂಬೆ ಸವರುವುದೂ ಸೇರಿದೆ. ಆದುದರಿಂದ ವೃಕ್ಷಾಧಿಕಾರಿಗಳ ಅನುಮತಿ ಪಡೆಯಬೇಕು. ತೆಂಗು, ನೀಲಗಿರಿ, ಗಾಳಿಮರ, ಸಿಲ್ವರ್ ಓಕ್ ಮೊದಲಾದ ಕೆಲವು ಜಾತಿಗಳಿಗೆ ವಿನಾಯಿತಿ ಉಂಟು. ಮರವು ಸತ್ತಿದ್ದರೆ, ರೋಗಪೀಡಿತವಾಗಿದ್ದರೆ, ಜೀವಕ್ಕೆ ಅಥವಾ ಆಸ್ತಿಗೆ ಅಪಾಯಕಾರಿಯಾಗಿದ್ದರೆ, ಸಂಚಾರಕ್ಕೆ ಅಡ್ಡಿಯಾಗಿದ್ದರೆ ಅನುಮತಿ ನಿರಾಕರಿಸಲಾಗದೆಂದು ಅದೇ ಕಾಯಿದೆ ಹೇಳುತ್ತದೆ. ಕಾನೂನು ಮರದ ಪರವಾಗಿಯೂ ಇದೆ, ದಾರಿಹೋಕನ ಪರವಾಗಿಯೂ ಇದೆ.

ನಮ್ಮ ಭಾಗದಲ್ಲಿ ಮರವು ಯಾರದೆಂಬುದನ್ನೂ ಮೊದಲು ತಿಳಿಯಬೇಕು. ಅಡಿಕೆ ತೋಟಕ್ಕೆ ಹೊಂದಿದ ಸೊಪ್ಪಿನ ಬೆಟ್ಟದಲ್ಲಿ ರೈತನಿಗಿರುವುದು ಸೊಪ್ಪು, ದರಕುಗಳನ್ನು ಬಳಸುವ ಸವಲತ್ತು. ಅದು ಮಾಲ್ಕಿ ಜಮೀನಲ್ಲ. ಬೆಟ್ಟದ ಮರ ದಾರಿಗೆ ಬಾಗಿದ್ದರೆ ಕಡಿಯಲು ಹೋಗದೆ ಅರಣ್ಯ ಇಲಾಖೆಗೆ ಲಿಖಿತವಾಗಿ ತಿಳಿಸುವುದೇ ಕ್ರಮ.

ಕೊಂಬೆಯು ವಿದ್ಯುತ್ ತಂತಿಗೆ ತಾಗುವಂತಿದ್ದರೆ ಹೆಸ್ಕಾಂ ಶಾಖಾ ಕಛೇರಿಗೆ ತಿಳಿಸಬೇಕು. ಪ್ರವಾಹವಿರುವ ತಂತಿಯ ಬಳಿ ಕತ್ತಿ ಹಿಡಿದು ಮರವೇರುವುದು ಪ್ರಾಣಾಪಾಯ. ತಂತಿ ಎಳೆಯುವ ಮೊದಲೇ ಇದ್ದ ಮರವನ್ನು ತೆಗೆದಲ್ಲಿ ಮಾಲೀಕನಿಗೆ ಪರಿಹಾರ ಕೊಡಿಸಲು 2003ರ ವಿದ್ಯುಚ್ಛಕ್ತಿ ಕಾಯಿದೆಯಲ್ಲಿ ಅವಕಾಶವಿದೆ.

ನೆರೆಯವರು ಕೇಳದಿದ್ದರೆ

ಅಪಾಯಕಾರಿ ಮರವು ಬೇರೆಯವರದಾಗಿದ್ದು, ಅವರು ಮಾತಿಗೆ ಕಿವಿಗೊಡದಿದ್ದರೆ ಜಗಳ ಬೇಡ. ಬಿದ್ದು ದಾರಿಹೋಕರಿಗೆ ಅಪಾಯ ತರುವಂತಿರುವ ಮರವನ್ನು ತೆಗೆಯಲು ಅಥವಾ ಊರೆ ಕೊಡಲು ಆಜ್ಞಾಪಿಸುವ ಅಧಿಕಾರ ಉಪವಿಭಾಗೀಯ ದಂಡಾಧಿಕಾರಿಗಳಿಗೆ ಇದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಕಲಮಿನಲ್ಲಿದ್ದ ಈ ಅಧಿಕಾರವು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಿನಲ್ಲಿದೆ. ಈ ಮೂರೂ ತಾಲೂಕುಗಳಿಗೆ ಉಪವಿಭಾಗದ ಕೇಂದ್ರವು ಶಿರಸಿಯೇ ಆಗಿದೆ.

ಮಳೆಗೆ ಮುನ್ನ ಮಾಡಬೇಕಾದುದು

ಏಪ್ರಿಲ್ ತಿಂಗಳಲ್ಲಿಯೇ ಮನೆಯ ಹಿರಿಯರು ಗಡಿಯ ಮರಗಳನ್ನು ಒಮ್ಮೆ ಸುತ್ತಿ ನೋಡಲಿ. ಒಣಗಿದ ಕೊಂಬೆ, ಕಾಂಡದ ಪೊಟರೆ, ಬುಡದಲ್ಲೆದ್ದ ಅಣಬೆ, ಬಿರಿದ ಕವಲು, ರಸ್ತೆ ಅಗಲಿಸುವಾಗ ಕಡಿದುಹೋದ ಬೇರು, ಹೊಸದಾಗಿ ವಾಲಿದ ಕಾಂಡ, ಇವು ಕಣ್ಣಿಗೆ ಕಾಣುವ ಲಕ್ಷಣಗಳು. ಕಂಡೊಡನೆ ವಲಯ ಅರಣ್ಯಾಧಿಕಾರಿಗಳ ಕಛೇರಿಯಲ್ಲಿ ವಿಚಾರಿಸಿ ಅರ್ಜಿ ಸಲ್ಲಿಸಬೇಕು. ಒಂದು ಪ್ರತಿಯನ್ನು ಗ್ರಾಮ ಪಂಚಾಯತಕ್ಕೆ, ಶಿರಸಿ ಪೇಟೆಯವರು ನಗರಸಭೆಗೆ, ಸಿದ್ದಾಪುರ ಮತ್ತು ಯಲ್ಲಾಪುರ ಪೇಟೆಯವರು ಪಟ್ಟಣ ಪಂಚಾಯತಕ್ಕೆ ಕೊಟ್ಟು ಸ್ವೀಕೃತಿಯ ಸಹಿ ಪಡೆಯಬೇಕು. ಮರದ ಚಿತ್ರವೊಂದನ್ನು ತೆಗೆದಿಟ್ಟುಕೊಳ್ಳುವುದು ಒಳಿತು. ಮುಂದೆ ಪ್ರಶ್ನೆ ಬಂದರೆ ಎಚ್ಚರ ವಹಿಸಿದ್ದಕ್ಕೆ ಇವೇ ಸಾಕ್ಷಿ. ಅನುಮತಿ ಬರುವವರೆಗೆ ದಾರಿಹೋಕರಿಗೆ ಕಾಣುವಂತೆ ಎಚ್ಚರಿಕೆಯ ಫಲಕವನ್ನಾದರೂ ಕಟ್ಟಬೇಕು.

ಮರವನ್ನೆಲ್ಲ ಕಡಿಯಿರೆಂದು ಕಾನೂನು ಹೇಳುವುದಿಲ್ಲ. ಒಂದು ಕೊಂಬೆಯನ್ನು ಸಕಾಲದಲ್ಲಿ ಸವರಿದರೆ ಎಷ್ಟೋ ವೇಳೆ ಇಡೀ ಮರವೇ ಉಳಿಯುತ್ತದೆ. ಅಜ್ಜ ನೆಟ್ಟ ಮರದ ಹಣ್ಣನ್ನು ಮೊಮ್ಮಕ್ಕಳು ತಿನ್ನುವಂತೆ, ಅದರ ಆರೈಕೆಯ ಭಾರವನ್ನೂ ಅವರೇ ಹೊರಬೇಕು. ನಮ್ಮ ಬೇಲಿಯಾಚೆ ನಡೆದು ಹೋಗುವವರ ಜೀವವೂ ನಮ್ಮವರ ಜೀವದಷ್ಟೇ ಬೆಲೆಯುಳ್ಳದ್ದು.