ಚಿತ್ರಗಳು ಪುಸ್ತಕವಾಗಿ ಊರು ತಲುಪುವ ದಾರಿ

ಕಲಾಪುಸ್ತಕ ಮೇಳವೆಂದರೆ ಚಿತ್ರ, ಛಾಯಾಚಿತ್ರ, ಶಿಲ್ಪ, ಅಕ್ಷರವಿನ್ಯಾಸ ಇವುಗಳ ಪುಸ್ತಕಗಳಿಗೆಂದೇ ನಡೆಯುವ ಸಂತೆ. ಸಾಮಾನ್ಯ ಪುಸ್ತಕ ಮೇಳದಲ್ಲಿ ಓದುಗರು ಲೇಖಕರ ಹೆಸರನ್ನೂ ರಿಯಾಯಿತಿಯನ್ನೂ ನೋಡುತ್ತಾರೆ. ಇಲ್ಲಿ ಕಾಗದವನ್ನು ಬೆರಳಿನಿಂದ ಸವರಿ, ಬಣ್ಣವನ್ನು ಬೆಳಕಿಗೆ ಹಿಡಿದು, ಪುಟ ಪೂರ್ತಿ ಅಗಲಿಸಿದರೆ ಹೊಲಿಗೆ ತಡೆಯುತ್ತದೆಯೇ ಎಂದು ಪರೀಕ್ಷಿಸಿ ಕೊಳ್ಳುತ್ತಾರೆ. ಮಳಿಗೆಗಳ ಪಕ್ಕದಲ್ಲೇ ಪ್ರದರ್ಶನಗಳಿರುತ್ತವೆ. ಪುಸ್ತಕಕ್ಕಾಗಿ ಬರೆದ ಮೂಲ ಚಿತ್ರ, ತಿದ್ದಿದ ಕರಡಚ್ಚು, ಹಳೆಯ ಅಚ್ಚುಮೊಳೆ, ಕಟ್ಟುವ ಮೊದಲಿನ ಬಿಡಿ ಹಾಳೆಗಳನ್ನು ಅಲ್ಲಿ ಸಾಲಾಗಿ ಇಡುತ್ತಾರೆ. ಹೊಸ ಪುಸ್ತಕದ ಬಿಡುಗಡೆಯೂ ಹೆಚ್ಚಾಗಿ ಆ ಚಿತ್ರಗಳ ಎದುರಿನಲ್ಲೇ ನಡೆಯುತ್ತದೆ. ಹೀಗಾಗಿ ಬಂದವರಿಗೆ ಪುಸ್ತಕವೂ ಅದು ಹುಟ್ಟಿದ ಬಗೆಯೂ ಒಟ್ಟಿಗೆ ಕಾಣಸಿಗುತ್ತವೆ.

ಈ ಬಗೆಯ ಮೇಳಗಳು ತೀರಾ ಹಳೆಯವಲ್ಲ. ಅಮೆರಿಕದ ಎಡ್ ರುಶೇ ಎಂಬ ಕಲಾವಿದ 1963ರಲ್ಲಿ ಇಪ್ಪತ್ತಾರು ಪೆಟ್ರೋಲ್ ಬಂಕುಗಳ ಛಾಯಾಚಿತ್ರಗಳನ್ನು ಸೇರಿಸಿ ಅಗ್ಗದ ಸಣ್ಣ ಪುಸ್ತಕವೊಂದನ್ನು ತಂದ. ಗೋಡೆಗೆ ತೂಗುಹಾಕುವ ಒಂದೇ ಪ್ರತಿಯ ಬದಲು ನೂರಾರು ಕೈಗಳಿಗೆ ಹೋಗುವ ಪುಸ್ತಕವೇ ಕಲಾಕೃತಿಯಾಗಬಹುದು ಎಂಬ ನಂಬಿಕೆ ಇಂಥ ಪುಸ್ತಕಗಳಿಂದ ಬಲಗೊಂಡಿತು. 1976ರಲ್ಲಿ ನ್ಯೂಯಾರ್ಕಿನಲ್ಲಿ ಕಲಾವಿದರ ಪುಸ್ತಕಗಳಿಗೆಂದೇ ‘ಪ್ರಿಂಟೆಡ್ ಮ್ಯಾಟರ್’ ಎಂಬ ಸಂಸ್ಥೆ ಆರಂಭವಾಯಿತು. ಅದು 2006ರಿಂದ ಕಲಾಪುಸ್ತಕ ಮೇಳ ನಡೆಸತೊಡಗಿತು. ಟೋಕಿಯೋದ ಮೇಳ 2009ರಲ್ಲಿ ಶುರುವಾಯಿತು. ನಮ್ಮ ನೆರೆಯ ಚೆನ್ನೈಯಲ್ಲಿ 1994ರಲ್ಲಿ ಆರಂಭವಾದ ತಾರಾ ಬುಕ್ಸ್, ಗೊಂಡ ಬುಡಕಟ್ಟಿನ ಚಿತ್ರಕಾರರ ಕೆಲಸವನ್ನು ಕೈಕಾಗದದ ಮೇಲೆ ಸ್ಕ್ರೀನ್ ಪ್ರಿಂಟಿಂಗ್ ಮಾಡಿ, ಕೈಯಿಂದಲೇ ಹೊಲಿದು ಪುಸ್ತಕವಾಗಿಸಿತು. ಮರಗಳ ರಾತ್ರಿಯ ಬದುಕನ್ನು ಕುರಿತ ಅದರ ಪುಸ್ತಕಕ್ಕೆ 2008ರಲ್ಲಿ ಇಟಲಿಯ ಬೊಲೊನ್ಯಾದ ಮಕ್ಕಳ ಪುಸ್ತಕ ಮೇಳದ ಪ್ರಶಸ್ತಿ ಬಂತು.

ಕನ್ನಡನಾಡಿನಲ್ಲಿ ಈ ಕೆಲಸ ಎರಡು ಸಂತೆಗಳ ನಡುವೆ ಹಂಚಿಹೋಗಿದೆ. ಒಂದು, ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ನಡೆಸುತ್ತ ಬಂದಿರುವ ಚಿತ್ರಸಂತೆ. ಜನವರಿಯ ಒಂದು ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ವಾಹನಗಳನ್ನು ನಿಲ್ಲಿಸಿ, ಸಾವಿರಕ್ಕೂ ಹೆಚ್ಚು ಕಲಾವಿದರು ತಮ್ಮ ಚಿತ್ರಗಳನ್ನು ಹರಡಿಕೊಂಡು ಕೂರುತ್ತಾರೆ. ಮತ್ತೊಂದು, 1915ರಿಂದ ನಡೆಯುತ್ತಿರುವ ಕನ್ನಡ ಸಾಹಿತ್ಯ ಸಮ್ಮೇಳನ. ಅದರ ಪುಸ್ತಕ ಮಳಿಗೆಗಳ ಸಾಲು ಈಗ ಗೋಷ್ಠಿಗಳಷ್ಟೇ ಜನರನ್ನು ಸೆಳೆಯುತ್ತದೆ. ಹಾವೇರಿಯಲ್ಲಿ 2023ರಲ್ಲಿ, ಮಂಡ್ಯದಲ್ಲಿ 2024ರಲ್ಲಿ ಸಮ್ಮೇಳನ ನಡೆದಾಗ ಸುತ್ತಲಿನ ಹಳ್ಳಿಗಳವರು ಮನೆಮಂದಿಯೊಡನೆ ಬಂದು ಪುಸ್ತಕ ನೋಡಲು ಅವಕಾಶವಾಯಿತು. ಚಿತ್ರಸಂತೆ ಮುಖ್ಯವಾಗಿ ಚಿತ್ರಗಳದು, ಸಮ್ಮೇಳನದ ಮಳಿಗೆಗಳು ಮುಖ್ಯವಾಗಿ ಬರಹದವು. ಚಿತ್ರವೇ ಜೀವವಾಗಿರುವ ಪುಸ್ತಕ ಎರಡೂ ಕಡೆ ಮೂಲೆ ಹಿಡಿಯುತ್ತದೆ.

ಇದು ಬೇಸರದ ಸಂಗತಿ, ಏಕೆಂದರೆ ಕನ್ನಡನಾಡಿಗೆ ಕಲಾಪುಸ್ತಕದ ದೊಡ್ಡ ಪರಂಪರೆಯೇ ಇದೆ. ಅದರ ಒಂದು ಎಳೆ ಚಾಮರಾಜನಗರದ ಮೂಲಕ ಹಾದುಹೋಗುತ್ತದೆ. ಈ ಊರಿನ ಹಳೆಯ ಹೆಸರು ಅರಿಕುಠಾರ. ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂದು ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಅದಕ್ಕೆ ಈಗಿನ ಹೆಸರಿಟ್ಟರು, 1826ರಲ್ಲಿ ಚಾಮರಾಜೇಶ್ವರ ದೇವಾಲಯ ಕಟ್ಟಿಸಿದರು. ಇದೇ ಅರಸರ ಆಶ್ರಯದಲ್ಲಿ ‘ಶ್ರೀತತ್ತ್ವನಿಧಿ’ ಎಂಬ ಮಹಾಗ್ರಂಥ ಸಿದ್ಧವಾಯಿತು. ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ, ಕೌತುಕ ಎಂದು ಅದರಲ್ಲಿ ಒಂಬತ್ತು ನಿಧಿಗಳು. ದೇವತೆಗಳ ಧ್ಯಾನಶ್ಲೋಕಗಳು ಕನ್ನಡ ಲಿಪಿಯಲ್ಲಿವೆ, ಭಾಷೆ ಸಂಸ್ಕೃತ. ಯಾವ ದೇವತೆಗೆ ಎಷ್ಟು ಕೈ, ಯಾವ ಕೈಯಲ್ಲಿ ಯಾವ ಆಯುಧ, ಮೈಬಣ್ಣ ಯಾವುದು, ವಾಹನ ಯಾವುದು ಎಂದು ಶ್ಲೋಕ ಹೇಳಿದ್ದನ್ನು ಅರಮನೆಯ ಚಿತ್ರಕಾರರು ಬರೆದು ತೋರಿಸಿದ್ದಾರೆ. ಕೌತುಕನಿಧಿಯಲ್ಲಿ ಯೋಗಾಸನಗಳೂ ಆಟಗಳೂ ಸೇರಿವೆ. ಚಿತ್ರ ತೆಗೆದರೆ ಶ್ಲೋಕ ಅರ್ಧವಾಗುತ್ತದೆ, ಶ್ಲೋಕ ತೆಗೆದರೆ ಚಿತ್ರದ ಆಧಾರ ತಪ್ಪುತ್ತದೆ. ಕಲಾಪುಸ್ತಕದ ಲಕ್ಷಣಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಆದರೆ ಅದು ಅಚ್ಚಾಗಿ ಓದುಗರ ಕೈಗೆ ಬಂದದ್ದು ಬಹಳ ತಡವಾಗಿ, ಬಿಡಿಬಿಡಿಯಾಗಿ. ಮುಂಬಯಿಯ ಖೇಮರಾಜ ಶ್ರೀಕೃಷ್ಣದಾಸರ ವೆಂಕಟೇಶ್ವರ ಮುದ್ರಣಾಲಯ ನಾಗರಿ ಲಿಪಿಯಲ್ಲಿ ಅದನ್ನು ತರಲು ಮುಂದಾಗಿತ್ತು. ಬಹಳ ಕಾಲದ ಮೇಲೆ, ಹಸ್ತಪ್ರತಿಯನ್ನು ಕಾಪಾಡಿಕೊಂಡು ಬಂದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿಗಳನ್ನು ಸಂಪುಟಗಳಾಗಿ ಹೊರತಂದಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಎಸ್.ಕೆ. ರಾಮಚಂದ್ರರಾಯರ ಶ್ರೀತತ್ತ್ವನಿಧಿ ಕುರಿತ ಕೃತಿಯನ್ನು ಪ್ರಕಟಿಸಿತು. ಕೌತುಕನಿಧಿಯ 122 ಆಸನಗಳ ಚಿತ್ರಗಳು ಎನ್.ಇ. ಶೋಮನ್ ಅವರ ಇಂಗ್ಲಿಷ್ ಪುಸ್ತಕದ ಮೂಲಕ 1996ರಲ್ಲಿ ಹೊರಜಗತ್ತಿಗೆ ಗೊತ್ತಾದವು. ಮೈಸೂರಿನ ಯೋಗಪರಂಪರೆಯ ಬಗ್ಗೆ ಬೇರೆ ಬೇರೆ ದೇಶಗಳಲ್ಲಿ ಚರ್ಚೆ ಎದ್ದದ್ದು ಆ ಚಿತ್ರಗಳಿಂದ.

ಇಂಥ ಚಿತ್ರಗಳನ್ನು ಅಚ್ಚು ಹಾಕುವುದು ಸುಲಭವಲ್ಲ. ಮೈಸೂರು ಶೈಲಿಯಲ್ಲಿ ಸಫೇದ, ಗೋಂದುಗಳನ್ನು ಕಲಸಿ ಒಡವೆ, ಪ್ರಭಾವಳಿಗಳನ್ನು ತುಸು ಉಬ್ಬಿಸಿ, ಮೇಲೆ ಚಿನ್ನದ ರೇಕು ಅಂಟಿಸುತ್ತಾರೆ. ಸಾಮಾನ್ಯ ನಾಲ್ಕು ಬಣ್ಣದ ಆಫ್‌ಸೆಟ್ ಮುದ್ರಣದಲ್ಲಿ ಆ ಚಿನ್ನ ಸಾಸಿವೆ ಬಣ್ಣಕ್ಕೆ ಇಳಿಯುತ್ತದೆ, ಉಬ್ಬು ಮಾಯವಾಗುತ್ತದೆ. ಹೊಳಪು ಉಳಿಯಬೇಕಾದರೆ ಐದನೆಯದಾಗಿ ಲೋಹದ ಶಾಯಿ ಬೇಕು, ದಪ್ಪ ಕಾಗದ ಬೇಕು, ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಕರಡಚ್ಚನ್ನು ಮತ್ತೆ ಮತ್ತೆ ತಿದ್ದುವ ತಾಳ್ಮೆ ಬೇಕು. ಖರ್ಚಿನ ದೊಡ್ಡ ಪಾಲು ಮೊದಲ ಪ್ರತಿ ಹೊರಬರುವ ಮುಂಚೆಯೇ ಆಗಿಬಿಡುತ್ತದೆ. ಐನೂರು ಪ್ರತಿ ಹಾಕಿದರೂ ಎರಡು ಸಾವಿರ ಹಾಕಿದರೂ ಚಿತ್ರ ತೆಗೆಯುವ, ಬಣ್ಣ ಬೇರ್ಪಡಿಸುವ, ಪ್ಲೇಟು ಮಾಡಿಸುವ ವೆಚ್ಚ ಹೆಚ್ಚುಕಡಿಮೆ ಅಷ್ಟೇ. ಕಡಿಮೆ ಪ್ರತಿ ಹಾಕಿದರೆ ಬೆಲೆ ಏರುತ್ತದೆ, ಬೆಲೆ ಏರಿದರೆ ಕೊಳ್ಳುವವರು ಹಿಂಜರಿಯುತ್ತಾರೆ. ಮೇಳ ನೆರವಿಗೆ ಬರುವುದು ಇಲ್ಲೇ. ಬಿಡುಗಡೆಯ ದಿನ ಪ್ರದರ್ಶನ ನೋಡಿದವರಿಗೆ ಈ ಬೆಲೆ ಯಾಕೆಂದು ಅರ್ಥವಾಗುತ್ತದೆ. ಮುಂಗಡ ಹಣ ಕೊಟ್ಟು ಪ್ರತಿ ಕಾಯ್ದಿರಿಸುವವರು ಸಿಕ್ಕರೆ ಪ್ರಕಾಶಕರಿಗೆ ಪ್ರತಿಗಳ ಸಂಖ್ಯೆ ಹೆಚ್ಚಿಸುವ ಧೈರ್ಯ ಬರುತ್ತದೆ.

ಎಲ್ಲ ಕಲಾಪುಸ್ತಕವೂ ದುಬಾರಿಯಾಗಬೇಕಿಲ್ಲ. ಕಪ್ಪು ಗೆರೆಯ ಚಿತ್ರಕ್ಕೆ ಒಂದೇ ಬಣ್ಣ ಸಾಕು. ಉಡುಪಿ ಸೀಮೆಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ನರ್ತಕರ, ವಾದ್ಯಗಾರರ ಚಲನೆಯನ್ನು ಕೆಲವೇ ಗೆರೆಗಳಲ್ಲಿ ಹಿಡಿದರು. ಆ ರೇಖಾಚಿತ್ರಗಳು ‘ದಿ ಸಿಂಗಿಂಗ್ ಲೈನ್’ ಎಂಬ ಪುಸ್ತಕವಾದವು. ಬಿ.ಜಿ.ಎಲ್. ಸ್ವಾಮಿಯವರು ‘ಹಸುರು ಹೊನ್ನು’ ಕೃತಿಗೆ ಗಿಡಮರಗಳ ಚಿತ್ರಗಳನ್ನು ತಾವೇ ಬರೆದರು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಆ ಪುಸ್ತಕವನ್ನು ಓದುಗರು ಸಾಹಿತ್ಯವೆಂದು ಮೆಚ್ಚಿದರು, ಅದರ ಗೆರೆಗಳ ಬಗ್ಗೆ ಮಾತು ಕಡಿಮೆಯೇ ಆಯಿತು. ಕನ್ನಡ ವಾರಪತ್ರಿಕೆಗಳಲ್ಲಿ ಚಂದ್ರನಾಥ ಆಚಾರ್ಯರಂಥವರು ಕಥೆ, ಕಾದಂಬರಿಗಳಿಗೆ ಬರೆದ ಚಿತ್ರಗಳನ್ನು ಒಂದು ತಲೆಮಾರು ಕತ್ತರಿಸಿ ಇಟ್ಟುಕೊಂಡಿತು. ಮೇಳವೊಂದರಲ್ಲಿ ಇಂಥ ಗೆರೆಗಳ ಪ್ರದರ್ಶನ ಏರ್ಪಡಿಸಲು ಭಾರಿ ಹಣ ಬೇಡ, ಮೂಲ ಹಾಳೆಗಳನ್ನು ಜೋಪಾನವಾಗಿ ಉಳಿಸಿಕೊಂಡಿದ್ದರೆ ಸಾಕು. ಚೆಲುವಾಗಿ ಅಚ್ಚಾದ ಪುಸ್ತಕಗಳಿಗೆ ಕನ್ನಡ ಪುಸ್ತಕ ಪ್ರಾಧಿಕಾರ ‘ಪುಸ್ತಕ ಸೊಗಸು’ ಬಹುಮಾನ ಕೊಡುತ್ತದೆ. ಮುಖಪುಟ ಚಿತ್ರವನ್ನೂ ಅದರಲ್ಲಿ ಗುರುತಿಸುತ್ತಾರೆ. ಬಹುಮಾನ ಪಡೆದ ಪುಸ್ತಕಗಳನ್ನು ಮೂಲಚಿತ್ರಗಳೊಡನೆ ಒಂದೆಡೆ ಇಟ್ಟು ತೋರಿಸಿದರೆ ಅದೇ ಒಂದು ಒಳ್ಳೆಯ ಪ್ರದರ್ಶನ.

ಪುಸ್ತಕಕ್ಕೆ ಇಷ್ಟು ಮಹತ್ವ ಯಾಕೆ ಎಂಬುದು ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಉಡಿಗಾಲದಂಥ ಊರಿನಿಂದ ನೋಡಿದಾಗ ಸ್ಪಷ್ಟವಾಗುತ್ತದೆ. ಅಲ್ಲಿನವರು ರವಿವರ್ಮನ ಮೂಲಚಿತ್ರ ನೋಡಬೇಕಾದರೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಬೇಕು, ಚಿತ್ರಸಂತೆಗೆ ಬೆಂಗಳೂರಿಗೆ ಹೋಗಬೇಕು. ಒಂದು ದಿನದ ಕೂಲಿ, ಬಸ್ಸಿನ ಖರ್ಚು ಎರಡನ್ನೂ ಲೆಕ್ಕ ಹಾಕುವ ಮನೆಯ ಮಕ್ಕಳಿಗೆ ಅದು ದೂರದ ಮಾತು. ಪ್ರದರ್ಶನ ಅವರಿದ್ದಲ್ಲಿಗೆ ಬರಲು ಇರುವ ಅಗ್ಗದ ದಾರಿಯೆಂದರೆ ಪುಸ್ತಕ. ನೋಡತಕ್ಕ ಶಿಲ್ಪ ಈ ಸೀಮೆಯಲ್ಲಿ ಇಲ್ಲವೆಂದಲ್ಲ. ಚಾಮರಾಜನಗರ ತಾಲ್ಲೂಕಿನ ನರಸಮಂಗಲದಲ್ಲಿ ಗಂಗರ ಕಾಲದ ರಾಮೇಶ್ವರ ದೇವಾಲಯವಿದೆ. ಅದರ ಇಟ್ಟಿಗೆಯ ಶಿಖರದ ಮೇಲೆ ಗಾರೆಯ ಶಿಲ್ಪಗಳಿವೆ, ಸಪ್ತಮಾತೃಕೆಯರ ಕಲ್ಲಿನ ವಿಗ್ರಹಗಳೂ ಇವೆ. ಗಾರೆಯ ಕೆಲಸ ಗಾಳಿಮಳೆಗೆ ಸವೆಯುತ್ತದೆ. ಅವುಗಳ ಒಳ್ಳೆಯ ಛಾಯಾಚಿತ್ರಗಳು ಕೈಗೆಟಕುವ ಬೆಲೆಯ ಪುಸ್ತಕವಾಗಿ ಬಂದರೆ ಊರಿನ ಮಕ್ಕಳಿಗೂ ದೂರದ ಓದುಗರಿಗೂ ಅದು ದಾಖಲೆ.

ಊರಿಗೆ ತಲುಪಿಸುವ ವ್ಯವಸ್ಥೆಯೂ ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬೆಳೆದ ಗ್ರಂಥಾಲಯಗಳ ಜಾಲ ಇಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದವರೆಗೆ ಹಬ್ಬಿದೆ. ಕಲಾಪುಸ್ತಕ ಅಲ್ಲಿ ಉಪಯೋಗಕ್ಕೆ ಬರಬೇಕಾದರೆ ಅದು ಬೀಗ ಹಾಕಿದ ಬೀರುವಿನಲ್ಲಿ ಇರಬಾರದು. ಓರೆ ಹಲಗೆಯ ಮೇಲೆ ತೆರೆದಿಟ್ಟು, ವಾರಕ್ಕೊಮ್ಮೆ ಪುಟ ತಿರುವಿಟ್ಟರೆ ಬಂದುಹೋಗುವವರೆಲ್ಲರ ಕಣ್ಣಿಗೆ ಬೀಳುತ್ತದೆ. ಪಿನ್ ಹೊಡೆದ ಪುಸ್ತಕ ಹೀಗೆ ಬಹಳ ದಿನ ಬಾಳುವುದಿಲ್ಲ, ಫಾರಂ ಫಾರಂ ಹೊಲಿದು ಗಟ್ಟಿ ರಟ್ಟು ಹಾಕಿದ ಪ್ರತಿಯನ್ನೇ ತರಿಸಬೇಕು. ಪ್ರಕಾಶಕರು ಅದೇ ಪುಸ್ತಕದ ಕೆಲವು ಚಿತ್ರಗಳನ್ನು ದೊಡ್ಡ ಬಿಡಿ ಹಾಳೆಗಳಾಗಿ ಹೆಚ್ಚುವರಿ ಅಚ್ಚು ಹಾಕಿಸಿದರೆ ಖರ್ಚು ತೀರಾ ಏರುವುದಿಲ್ಲ. ಶಾಲೆಯ ಗೋಡೆಗೆ ಹಚ್ಚಲು, ಜಾತ್ರೆಯ ದಿನ ದಾರದ ಮೇಲೆ ತೂಗುಹಾಕಲು ಆ ಹಾಳೆಗಳು ಸಾಕಾಗುತ್ತವೆ.