ಮನೆಯ ಕಾಗದಪತ್ರಗಳಲ್ಲಿಯ ಫಾರಸೀ ಮಾತು

ಖಾನಾಪುರದ ಹಳ್ಳಿಯೊಂದರಿಂದ ಉತಾರಕ್ಕಾಗಿ ಬೆಳಗಾವಿಯ ಕಚೇರಿಗೆ ಬಂದ ಗೃಹಸ್ಥನು ಅಲ್ಲಿ ಅರ್ಜಿದಾರನಾಗುತ್ತಾನೆ. ಅವನ ಹೆಸರಿನ ಮುಂದೆ ಒಂದು ಕಾಗದದಲ್ಲಿ ಕಬ್ಜೇದಾರ, ಇನ್ನೊಂದರಲ್ಲಿ ಹಿಸ್ಸೇದಾರ, ಮತ್ತೊಂದರಲ್ಲಿ ವಾರಸುದಾರ ಎಂದಿರುವದು. ಮೂರೂ ಒಂದೇ ಎಂದು ತಿಳಿದು ಸಹಿ ಮಾಡಿದವರು ಬಳಿಕ ಪಟ್ಟ ಕಷ್ಟವನ್ನು ನಾವು ಕಂಡಿದ್ದೇವೆ.

ಈ ಶಬ್ದಗಳು ನಮ್ಮಲ್ಲಿಗೆ ಬಂದು ಐದು ನೂರು ವರ್ಷಗಳಾದವು. 1472ರ ಸುಮಾರಿಗೆ ಬೆಳಗಾವಿಯನ್ನು ಗೆದ್ದ ಬಹಮನೀ ಮಂತ್ರಿ ಮಹಮೂದ ಗವಾನನು ಪರ್ಶಿಯಾ ದೇಶದ ಗೀಲಾನ ಪ್ರಾಂತದವನು. ಇಲ್ಲಿಯ ಕೋಟೆಯಲ್ಲಿ 1519ರಲ್ಲಿ ಸಫಾ ಮಸೀದಿಯನ್ನು ಕಟ್ಟಿಸಿದವನು ಆದಿಲಶಾಹಿಯ ಸರದಾರನಾದ ಅಸದಖಾನ ಲಾರಿ. ಲಾರಿ ಎಂದರೆ ಲಾರ್ ಎಂಬ ಊರಿನವನು. ನಾವು ಸರಕಾರದಿಂದ ಸರಕಾರಿ ಎಂದು ಮಾಡಿಕೊಳ್ಳುವದು ಇದೇ ಪ್ರತ್ಯಯದಿಂದಲೇ.

ಫಾರಸಿಯಲ್ಲಿ 'ದಾಶ್ತನ್' ಎಂದರೆ ಹೊಂದಿರುವದು. ಅದರ ವರ್ತಮಾನಕಾಲದ ಅಂಗವು 'ದಾರ್'. ಅದನ್ನು ನಾಮಪದಕ್ಕೆ ಹಚ್ಚಿದರೆ ಆ ವಸ್ತುವನ್ನು ಹೊಂದಿದವನು ಎಂದಾಯಿತು. ಕಬ್ಜಾ ಎಂಬ ಅರಬೀ ಶಬ್ದಕ್ಕೆ ಹಿಡಿತವೆಂದರ್ಥ. ಆದುದರಿಂದ ಕಬ್ಜೇದಾರ ಎಂಬ ಶಬ್ದವು ಜಮೀನು ಯಾರ ಹಿಡಿತದಲ್ಲಿದೆ ಎಂಬುದನ್ನಷ್ಟೇ ಹೇಳುತ್ತದೆ. ಹಿಸ್ಸೇದಾರನಿಗೆ ಪಾಲು ಉಂಟು. ವಾರಿಸ್ ಎಂದರೇ ಉತ್ತರಾಧಿಕಾರಿ. ಅದಕ್ಕೆ ಮತ್ತೆ ದಾರವನ್ನು ಕಟ್ಟಿದ್ದು ನಮ್ಮ ಕಡೆಯವರ ಔದಾರ್ಯವೆನ್ನಬೇಕು! ಹಿಂದೆ 'ಬೇ' ಸೇರಿದರೆ ಇಲ್ಲದ್ದು ಎಂದರ್ಥವಾಗಿ ಬೇವಾರಸು ಆಗುತ್ತದೆ. ಅದು ಬೈಗುಳವಾದದ್ದು ಆಮೇಲೆ. ಈ ಪ್ರತ್ಯಯವು ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಅಚ್ಚಗನ್ನಡದ ಪಾಲಿಗೂ ಸಂಸ್ಕೃತದ ಮತಕ್ಕೂ ಅದನ್ನೇ ಹಚ್ಚಿ ಪಾಲುದಾರನನ್ನೂ ಮತದಾರನನ್ನೂ ಮಾಡಿಕೊಂಡಿದ್ದೇವೆ.

ಮೂಲದ ಆಡುಮಾತಿನಲ್ಲಿಯೂ ಈ ಧಾತುವು ಜೀವಂತವಾಗಿದೆ. ತೆಹರಾನಿನವರು 'ನಾನು ಹೋಗುತ್ತಿದ್ದೇನೆ' ಎನ್ನಲು 'ದಾರಮ್ ಮೀರಮ್' ಎನ್ನುತ್ತಾರೆ; ಮಾತಿಗೆ ಮಾತಿಟ್ಟರೆ 'ಹೊಂದಿದ್ದೇನೆ, ಹೋಗುತ್ತೇನೆ'. ಬರೆಯುವಾಗ 'ಮೀರವಮ್' ಎಂದಿರುವದು ಬಾಯಲ್ಲಿ ಸವೆದು 'ಮೀರಮ್' ಆಗಿದೆ. ಹಾಗೆಯೇ ಮನೆಗೆ ಅವರು ಆಡುವಾಗ 'ಖೂನೆ' ಎನ್ನುತ್ತಾರೆ. ನಮ್ಮ ದವಾಖಾನೆ, ಕಾರಖಾನೆಗಳಲ್ಲಿ ಹಳೆಯ 'ಖಾನಾ'ದ ದೀರ್ಘವು ಉಳಿದಿದೆ. ಕೊನೆಯ ಸ್ವರವನ್ನು ಮಾತ್ರ, ಶಾಲಾ ಎಂಬುದನ್ನು ಶಾಲೆ ಮಾಡಿದ ರೀತಿಯಲ್ಲಿಯೇ, ಕನ್ನಡವು ತಿದ್ದಿಕೊಂಡಿದೆ.

ಇನ್ನು ರಾಜೀನಾಮೆ. ನಾಮೆ ಎಂದರೆ ಪತ್ರ, ರಾಜೀ ಎಂದರೆ ಒಪ್ಪಿದವನು. ವ್ಯಾಜ್ಯದಲ್ಲಿ ಎರಡು ಪಕ್ಷದವರು ಒಪ್ಪಿ ಬರೆದ ಪತ್ರಕ್ಕೆ ಈ ಹೆಸರು ಸಲ್ಲುವದು. ಆದರೆ ಮುಂಬಯಿ ಇಲಾಖೆಯ ಕಂದಾಯ ಪದ್ಧತಿಯಲ್ಲಿ ರೈತನು ತನ್ನ ಜಮೀನನ್ನು ಬಿಟ್ಟುಕೊಡುವ ಪತ್ರವೂ ರಾಜೀನಾಮೆಯೇ. ಅದನ್ನು ಹಿಡಿಯುವ ಹೊಸಬನು ಕಬೂಲಾಯತ್ ಬರೆದುಕೊಡುತ್ತಿದ್ದನು. ಅಜ್ಜನ ಪೆಟ್ಟಿಗೆಯಲ್ಲಿ ರಾಜೀನಾಮೆ ಸಿಕ್ಕರೆ ತಲೆಬರಹವನ್ನಷ್ಟೇ ನೋಡಿ ಮಡಚಿಡಬಾರದು. ಅದರ ಜೊತೆಗೆ ಬೇರೊಬ್ಬರ ಹೆಸರಿನ ಕಬೂಲಾಯತ್ ಇದೆಯೋ ಎಂದು ಹುಡುಕಬೇಕು.